ಮೂರನೆಯ ಕರೆಗೆ ಕಾದವನು

ನನ್ನ ಓದು ಎಸ್ಸೆಸ್ಸೆಲ್ಸಿಗೆ ಮುಗಿಯಿತು. ಆಮೇಲೆ ಟೈಪಿಂಗ್ ಕಲಿತೆ, ಕಾಸರಗೋಡಿನಿಂದ ಎರ್ನಾಕುಲಂಗೆ ಬಂದೆ, ಒಬ್ಬ ವಕೀಲರ ಆಫೀಸಿನಲ್ಲಿ ಟೈಪಿಸ್ಟನಾಗಿ ಕೂತೆ. ಆ ಕುರ್ಚಿಯಿಂದ ಎದ್ದದ್ದು ತಲೆ ಪೂರ್ತಿ ಬೆಳ್ಳಗಾದ ಮೇಲೆ. ಅಲ್ಲಿ ನಾನು ಹೆಚ್ಚಾಗಿ ಬರೆದದ್ದು ಅಫಿಡವಿಟ್‌ಗಳನ್ನು. ಎಲ್ಲವೂ ‘ನಾನು’ ಎಂದೇ ಶುರುವಾಗುವ ಕಾಗದಗಳು. ಗಡಿಕಲ್ಲು ಸರಿದುಹೋದವನ ‘ನಾನು’, ಗಂಡ ಬಿಟ್ಟುಹೋದವಳ ‘ನಾನು’, ಅಣ್ಣನ ಸಹಿ ತಾನೇ ಹಾಕಿ ಸಿಕ್ಕಿಬಿದ್ದವನ ‘ನಾನು’. ಅಷ್ಟೂ ಜನರ ‘ನಾನು’ ಹೊರಟದ್ದು ನನ್ನ ಹತ್ತು ಬೆರಳಿನಿಂದ. ಹಾಗಾಗಿ ಇನ್ನೊಬ್ಬರಾಗಿ ಬರೆಯುವುದು ತಪ್ಪು ಎಂದು ನನಗೆ ಯಾವತ್ತೂ ಅನಿಸಿರಲಿಲ್ಲ. ಅನಿಸಬೇಕಾಗಿತ್ತು.

ಹೆಂಡತಿ ತೀರಿಕೊಂಡ ಮೇಲೆ ನಾನು ಎರ್ನಾಕುಲಂನ ಬಾಡಿಗೆ ಮನೆ ಬಿಟ್ಟು ಕಳಮಶ್ಶೇರಿಗೆ, ಮಗಳ ಫ್ಲ್ಯಾಟಿಗೆ ಬಂದೆ. ಅಳಿಯನಿಗೆ ಹಡಗಿನ ಕೆಲಸ. ವರ್ಷದಲ್ಲಿ ಮುಕ್ಕಾಲು ಪಾಲು ನೀರಿನ ಮೇಲೆ. ಮಗಳು ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಅಂಗಡಿ ನಡೆಸುತ್ತಾಳೆ. ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಬಾಳಕದ ಮೆಣಸು, ಕಷಾಯದ ಪುಡಿ. ನಮ್ಮ ಊರಿನ ಕಡೆಯಿಂದ ತರಿಸಿ, ಕೊಚ್ಚಿಯಲ್ಲೂ ತಿರುವನಂತಪುರದಲ್ಲೂ ಐಟಿ ಕಂಪನಿಗಳಲ್ಲಿ ದುಡಿಯುವ ಕನ್ನಡದ ಮಕ್ಕಳಿಗೆ ಕೊರಿಯರ್ ಮಾಡುತ್ತಾಳೆ. ಅವಳು ಹುಟ್ಟಿ ಬೆಳೆದದ್ದು ಇಲ್ಲಿಯೇ. ಕನ್ನಡ ಮಾತಾಡುತ್ತಾಳೆ, ಮಧ್ಯೆ ಮಲಯಾಳ ಸೇರುತ್ತದೆ. ಕನ್ನಡ ಅಕ್ಷರ ಮಾತ್ರ ಬಾರದು. ಕಲಿಸಬೇಕಾದ ವಯಸ್ಸಿನಲ್ಲಿ ನಾನು ಕಲಿಸಲಿಲ್ಲ.

ಒಂದು ದಿನ ಊಟದ ಮೇಲೆ ಕೇಳಿದಳು: “ಅಪ್ಪಾ, ಮಧ್ಯಾಹ್ನ ನಿಮಗೆ ಎಂತ ಕೆಲಸ ಉಂಟು?”

“ನಿದ್ರೆ.”

“ಅದಕ್ಕೆ ಸಂಬಳ ಇಲ್ಲ. ನಂಗೆ ಐದು ಕಾಗದ ಬರೆದು ಕೊಡಿ.”

ಅಂಗಡಿಯ ಲಿಸ್ಟಿಗೆ ಯಾರಾದರೂ ಹೊಸತಾಗಿ ತಮ್ಮ ಇಮೇಲ್ ವಿಳಾಸ ಕೊಟ್ಟರೆ ಆ ಕ್ಷಣವೇ ಅವರಿಗೆ ಒಂದು ಮೇಲ್ ಹೋಗಬೇಕಂತೆ. ಮೂರನೇ ದಿನಕ್ಕೆ ಇನ್ನೊಂದು, ಏಳನೇ ದಿನಕ್ಕೆ ಮತ್ತೊಂದು, ಹೀಗೆ ತಿಂಗಳೊಳಗೆ ಐದು. ಒಮ್ಮೆ ಬರೆದು ಹಾಕಿದರೆ ಸಾಕು, ಯಾರು ಯಾವಾಗ ಸೇರಿದರೂ ಅವರವರ ಲೆಕ್ಕದ ದಿನಕ್ಕೆ ಅದು ತಾನಾಗಿಯೇ ಹೋಗುತ್ತದೆ. “ಮನೆಗೆ ಬಂದವರನ್ನು ಅಂಗಳದಲ್ಲೇ ನಿಲ್ಲಿಸಿದರೆ ಅವರು ಹಿಂದೆ ಹೋಗ್ತಾರೆ, ಅಲ್ವಾ? ಇದೂ ಹಾಗೆಯೇ,” ಎಂದಳು. ಸತತ ಮೂರು ಕಾಗದ ಒಡೆದು ನೋಡದವರ ಹೆಸರನ್ನು ಕಂಪ್ಯೂಟರೇ ಲಿಸ್ಟಿನಿಂದ ತೆಗೆಯುತ್ತದೆ ಎಂದೂ ಹೇಳಿದಳು. “ಮೂರು ಸಲ ಕರೆಯುವುದು. ಓಗೊಡದಿದ್ದರೆ ಬಿಡುವುದು.”

ನಾನು ನಕ್ಕೆ. ಅದು ನನ್ನದೇ ಹಳೆಯ ತಮಾಷೆಯಾಗಿತ್ತು.

ನಮ್ಮ ಕಡೆ ಒಂದು ನಂಬಿಕೆ ಉಂಟು. ಯಾರೋ ಕರೆದ ಹಾಗೆ ಕೇಳಿಸಿದರೆ ಒಂದೇ ಸಲಕ್ಕೆ ಓಗೊಡಬಾರದು. ಸತ್ತವರ ಪ್ರೇತ, ನಮ್ಮ ಮಾತಿನಲ್ಲಿ ಕುಲೆ, ಒಂದು ಸಲ ಕರೆಯುತ್ತದೆ, ಹೆಚ್ಚೆಂದರೆ ಎರಡು. ‘ಓ’ ಎಂದರೆ ಆ ಸ್ವರ ಹಿಡಿದುಕೊಂಡು ಒಳಗೆ ಬರುತ್ತದೆ. ಮೂರನೆಯ ಸಲ ಕರೆಯುವುದು ಮನುಷ್ಯರು ಮಾತ್ರ. ಚಿಕ್ಕಂದಿನಲ್ಲಿ ಇದನ್ನು ನಂಬಿ ಹೆದರಿದ್ದೆ. ಮದುವೆಯಾದ ಮೇಲೆ ಇದನ್ನೇ ಹೆಂಡತಿಯ ಮೇಲೆ ತಮಾಷೆಗೆ ಬಳಸಿದೆ. ಅವಳು ನನ್ನ ಹೆಸರು ಹಿಡಿಯುತ್ತಿರಲಿಲ್ಲ. ಅಡುಗೆಮನೆಯಿಂದ “ಇದಾ, ಕೇಳಿತಾ?” ಎನ್ನುತ್ತಿದ್ದಳು. ಕೇಳುತ್ತಿತ್ತು. ನಾನು ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ. ಎರಡನೆಯ ಸಲಕ್ಕೂ ಇಲ್ಲ. ಮೂರನೆಯ ಸಲ ಅವಳು ಬಾಗಿಲಿಗೇ ಬಂದು ಸೌಟು ಎತ್ತಿದಾಗ, “ಓಹೋ, ಮನುಷ್ಯಳೇ ಹಾಗಾದರೆ!” ಎನ್ನುತ್ತಿದ್ದೆ. ಮೊದಮೊದಲು ಅವಳು ನಗುತ್ತಿದ್ದಳು.

ಮಗಳಿಗಾಗಿ ಬರೆದ ಮೊದಲ ಕಾಗದವನ್ನು ನಾನು ನಾನಾಗಿಯೇ ಬರೆದೆ. ಓದಿ ಹೇಳಿದೆ. “ಮಾನ್ಯರೇ, ತಮ್ಮ ಹೆಸರನ್ನು ನಮ್ಮ ಪಟ್ಟಿಯಲ್ಲಿ ಸೇರಿಸಿಕೊಳ್ಳಲಾಗಿದೆ...”

“ಇದೆಂತ ಅಪ್ಪಾ, ಜಪ್ತಿ ನೋಟೀಸಾ? ಹಪ್ಪಳ ಮಾರುವುದು ನಾವು, ಮನೆ ಹರಾಜು ಹಾಕುವುದಲ್ಲ.”

ಮರುದಿನ ಮಧ್ಯಾಹ್ನ ಮತ್ತೆ ಕೂತೆ. ಹೊಸಬರನ್ನು ಹೇಗೆ ಕರೆಯುವುದು ಎಂದು ಯೋಚಿಸುತ್ತಿರುವಾಗ ಬೆರಳು ತಾನಾಗಿ ಹೊರಟಿತು. “ಇದಾ, ಕೇಳಿತಾ? ಬಿಸಿಲಿಗೆ ಬಂದಿದ್ದಿ. ಮೊದಲು ಒಂದು ತುಂಡು ಬೆಲ್ಲ ತಿಂದು ನೀರು ಕುಡಿ. ವ್ಯಾಪಾರದ ಮಾತು ಆಮೇಲೆ.” ಒಂದೇ ಉಸಿರಿಗೆ ಪುಟ ತುಂಬಿತು. ಉಪ್ಪಿನಕಾಯಿ ಭರಣಿಯ ಬಾಯಿಗೆ ಕಟ್ಟುವ ಬಟ್ಟೆ ಹಳೆಯದೇ ಆಗಬೇಕು, ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಭರಣಿ ಹುಳಿಯುತ್ತದೆ ಎಂದು ಬರೆದಿದ್ದೆ. ಮತ್ತೊಮ್ಮೆ ಓದಿ ನೋಡಿದೆ. ನಾನು ಒಂದು ದಿನವೂ ಭರಣಿ ಮುಟ್ಟಿದವನಲ್ಲ. ಅವಳು ಹೇಳಿದ ನೆನಪೂ ಇಲ್ಲ. ಹೇಳಿರಬೇಕು. ನಾನು ಓಗೊಡದಿದ್ದರೂ ಕಿವಿ ತನ್ನಷ್ಟಕ್ಕೆ ಕೇಳಿಸಿಕೊಂಡು ಎಲ್ಲೋ ಇಟ್ಟುಕೊಂಡಿತ್ತು.

ಮಗಳಿಗೆ ಓದಿ ಹೇಳಿದೆ. ಅವಳು ಪಾರ್ಸೆಲಿಗೆ ಟೇಪು ಸುತ್ತುತ್ತಿದ್ದವಳು ನಿಲ್ಲಿಸಿದಳು. “ಮತಿ ಅಪ್ಪಾ, ಇಷ್ಟೇ ಸಾಕು,” ಎಂದಳು. “ಕೆಳಗೆ ಯಾರ ಹೆಸರು ಹಾಕ್ತೀರಿ?”

“ಅಜ್ಜಿ ಅಂತ ಹಾಕುವಾ,” ಎಂದೆ. ಅದು ನನ್ನದೇ ಮಾತು, ಮಗಳದ್ದಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ.

ಹೀಗೆ ನನ್ನ ಹೆಂಡತಿ, ಸತ್ತ ಎರಡು ವರ್ಷಕ್ಕೆ, ಗುರುತಿಲ್ಲದವರಿಗೆ ಕಾಗದ ಬರೆಯತೊಡಗಿದಳು.

ಎಲ್ಲ ಕಾಗದವೂ “ಇದಾ, ಕೇಳಿತಾ?” ಎಂದೇ ಶುರುವಾಗುತ್ತಿತ್ತು. ಜನ ಒಡೆದು ಓದಿದರು. ಯಾರು, ಯಾವ ದಿನ, ಎಷ್ಟು ಗಂಟೆಗೆ ಓದಿದರು ಎಂಬುದೆಲ್ಲ ಕಂಪ್ಯೂಟರಿನಲ್ಲಿ ಕಾಣುತ್ತದೆ. ಅದನ್ನು ನೋಡುವುದು ನನಗೆ ಚಟವಾಯಿತು. ಕಿಟಕಿಯಾಚೆ ಮೆಟ್ರೋ ಹೋಗುವಾಗ ಗಾಜು ಸಣ್ಣಗೆ ನಡುಗುತ್ತದೆ. ನಾನು ಅದರ ಪಕ್ಕ ಕೂತು, ಯಾರ್ಯಾರು ನನ್ನ ಹೆಂಡತಿಗೆ ಓಗೊಟ್ಟರು ಎಂದು ಲಿಸ್ಟಿನಲ್ಲಿ ಬೆರಳಾಡಿಸುತ್ತಿದ್ದೆ. ಹಾಗೆ ಒಂದು ದಿನ ಲಿಸ್ಟಿನ ತುತ್ತತುದಿಗೆ ಹೋದೆ. ಅಲ್ಲಿ ಮೊದಲ ವಿಳಾಸ ಅವಳದೇ.

ಅದು ಅಲ್ಲಿ ಬಂದದ್ದು ಹೇಗೆಂದು ನನಗೆ ಗೊತ್ತಿತ್ತು. ಅವಳಿದ್ದಾಗ ಮಗಳು ಅವಳಿಗೊಂದು ಇಮೇಲ್ ಮಾಡಿಕೊಟ್ಟಿದ್ದಳು. ಕಾಗದ ಸರಿಯಾಗಿ ಹೋಗುತ್ತದೋ ಎಂದು ಪರೀಕ್ಷೆ ಮಾಡಲಿಕ್ಕೆ ಆ ವಿಳಾಸವನ್ನೇ ಮೊದಲು ಹಾಕಿದ್ದಳು. ಅದಲ್ಲ ವಿಷಯ. ಅದರ ಮುಂದೆ ‘ಓದಲಾಗಿದೆ’ ಎಂದು ಇತ್ತು. ಮಧ್ಯಾಹ್ನ ಮೂರು ಗಂಟೆ. ಎರಡನೇ ಕಾಗದ: ಮೂರು ಗಂಟೆ ಎರಡು ನಿಮಿಷ. ಮೂರನೆಯದು: ಮೂರು. ನಿನ್ನೆ, ಹಳೆಯ ಮೊದಲ ಕಾಗದವನ್ನೇ ಮತ್ತೊಮ್ಮೆ. ಅದೂ ಮೂರಕ್ಕೆ.

ಅವಳು ಹೋದದ್ದು ಮಧ್ಯಾಹ್ನ ಮೂರಕ್ಕೆ. ಅವಳ ಫೋನನ್ನು ನಾವು ಆಗಲೇ ಯಾರಿಗೋ ಕೊಟ್ಟಾಗಿತ್ತು.

ಮಗಳನ್ನು ಕೇಳಬಹುದಿತ್ತು. ಕೇಳಲಿಲ್ಲ. ಯಾವ ಉತ್ತರ ಬಂದರೂ ಅದನ್ನು ಹಿಡಿದುಕೊಳ್ಳುವ ಶಕ್ತಿ ನನಗಿರಲಿಲ್ಲ. ಅಂದಿನಿಂದ ಮೂರು ಗಂಟೆ ಹತ್ತಿರವಾದರೆ ನಾನು ಚಪ್ಪಲಿ ಮೆಟ್ಟಿ ಕೆಳಗೆ ಹೋಗಿ, ಗೇಟಿನ ಬಳಿ ವಾಚ್‌ಮನ್ ಜೊತೆ ಸುಮ್ಮನೆ ನಿಲ್ಲುತ್ತಿದ್ದೆ.

ಮೂರನೆಯ ಕಾಗದದಲ್ಲಿ ಒಂದು ಪ್ರಶ್ನೆ ಇರಬೇಕೆಂದು ಮಗಳು ಹೇಳಿದ್ದಳು. ಉತ್ತರ ಬರೆದವರು ಗಿರಾಕಿಗಳಾಗಿ ಉಳಿಯುತ್ತಾರಂತೆ. “ಊಟ ಆಯಿತಾ? ಎಂತ ಸಾರು? ಬರೆ, ನಾನು ಓದುತ್ತೇನೆ,” ಎಂದು ಬರೆದಿದ್ದೆ. ಬಂದ ಉತ್ತರಗಳಲ್ಲಿ ಕನ್ನಡದವು ನನ್ನ ಪಾಲಿಗೆ. “ಎರಡು ಗೆರೆ ಬರೆದು ಬಿಡಿ ಅಪ್ಪಾ. ಹೆಚ್ಚು ಹಚ್ಚಿಕೊಳ್ಳಬೇಡಿ,” ಎಂದು ಮಗಳು ಹೇಳಿಯೇ ಇದ್ದಳು.

ಒಬ್ಬಳು ಹುಡುಗಿ ಬರೆದಳು. ಧಾರವಾಡದ ಕಡೆಯವಳು, ತಿರುವನಂತಪುರದ ಐಟಿ ಪಾರ್ಕಿನಲ್ಲಿ ಕೆಲಸ, ಉಳ್ಳೂರ್ ಜಂಕ್ಷನ್ ಹತ್ತಿರ ಬಾಡಿಗೆ ಮನೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಿದ್ದಳು. ಬಾಯಿಬಿಟ್ಟು ಓದಿದರೆ ಮಾತ್ರ ನನಗೆ ಅರ್ಥವಾಗುತ್ತಿತ್ತು. “ಅಜ್ಜಿ, ಊಟ ಆತ್ರಿ. ಕೆಲಸದಾಕಿ ಸಾರು ಮಾಡ್ಯಾಳ, ಅದ್ರಾಗ ಬರೀ ತೆಂಗಿನೆಣ್ಣಿ ವಾಸ್ನಿ. ನಾ ಏಳು ತಿಂಗಳ ಬಸುರಿ. ನಿಮ್ಮ ಬಾಳಕ ಇಲ್ಲಂದ್ರ ತುತ್ತು ಇಳೀತಿದ್ದಿಲ್ಲ.”

ಎರಡು ಗೆರೆ ಬರೆಯಲಿಲ್ಲ. ಎರಡು ಪುಟ ಬರೆದೆ. ಅವಳು ಮತ್ತೆ ಬರೆದಳು. ಗಂಡ ಪುಣೆಯಲ್ಲಿ ಟ್ರೈನಿಂಗಿನಲ್ಲಿದ್ದಾನೆ, ಅವ್ವ ಮುಂದಿನ ತಿಂಗಳು ಬರುತ್ತಾಳೆ, ಅಲ್ಲಿಯವರೆಗೆ ಒಬ್ಬಳೇ. ಹೆರಿಗೆಯ ಹೆದರಿಕೆ. ಅವ್ವನಿಗೆ ಹೇಳಿದರೆ ಅವಳೂ ಹೆದರುತ್ತಾಳೆ. ಇನ್ನೂ ಕೆಲವು ವಿಷಯ, ಹೆಂಗಸು ಹೆಂಗಸಿಗೆ ಮಾತ್ರ ಹೇಳುವಂಥವು. ಅವನ್ನು ನಾನು ಇಲ್ಲಿ ಬರೆಯುವುದಿಲ್ಲ. ಅಲ್ಲಿ ಓದಿದ್ದೇ ಹೆಚ್ಚಾಯಿತು. ಓದಿ, ಅಜ್ಜಿಯಾಗಿ ಸಮಾಧಾನ ಹೇಳಿದೆ. “ಮಗಾ” ಎಂದೆ. “ನಾನಿದ್ದೇನೆ” ಎಂದೆ. ಸುಮಾರು ಮೂರು ವಾರ ಹೀಗೆ ನಡೆಯಿತು. ಸತ್ಯ ಹೇಳುವುದಾದರೆ, ನನಗೆ ಅದು ಹಿತವಾಗಿತ್ತು. ನಲವತ್ತು ವರ್ಷ ಜೊತೆಗಿದ್ದವಳನ್ನು ಒಂದು ದಿನ ‘ಊಟ ಆಯಿತಾ’ ಎಂದು ಕೇಳದವನು, ಅವಳ ಬಾಯಿಯಿಂದ ಊರಿಗೆಲ್ಲ ಕೇಳುತ್ತಿದ್ದೆ.

ಆಮೇಲೆ ಆ ಗುರುವಾರ ಬಂತು.

ಬೆಳಿಗ್ಗೆ ಒಂಬತ್ತಕ್ಕೆ ಅವಳ ಮೇಲ್ ಬಂದಿತ್ತು. “ಅಜ್ಜಿ, ನಿನ್ನಿ ಸಂಜಿಂದ ಕೂಸು ಮಿಸುಕಾಡೂದು ಕಡಿಮಿ ಆಗೈತಿ. ಎಂಟನೇ ತಿಂಗಳದಾಗ ಹಿಂಗ ಆಗ್ತೈತೇನ್ರಿ? ಹೋದ ವಾರ ಸುಮ್ಮನ ಹೆದರಿ ದವಾಖಾನಿಗೆ ಹೋಗಿದ್ದೆ, ಎಲ್ಲಾ ಛಲೋ ಐತಿ ಅಂದ್ರು. ಮತ್ತ ಹೋಗಾಕ ನಾಚಿಕಿ. ನೀವು ಹೂಂ ಅಂದ್ರ ಹೋಗ್ತೀನಿ, ಇಲ್ಲಾಂದ್ರ ಅವ್ವ ಬರೂ ತನಕ ಸುಮ್ನಿರ್ತೀನಿ.”

ನಾನು ಕೀಬೋರ್ಡಿನ ಮೇಲೆ ಕೈಯಿಟ್ಟೆ. “ಇದಾ ಮಗಾ” ಎಂದು ಬರೆದೆ. ಮುಂದೆ ಬರಲಿಲ್ಲ. ಅಷ್ಟು ದಿನ ತಾನಾಗಿ ಓಡುತ್ತಿದ್ದ ಬೆರಳು ಕಟ್ಟಿಹಾಕಿದ ಹಾಗೆ ನಿಂತಿತು. ಬಸುರಿಯ ಹೊಟ್ಟೆಯ ವಿಷಯ ನನಗೇನು ಗೊತ್ತು? ಗೊತ್ತಿದ್ದವಳು ಇಲ್ಲ. ಮಗಳನ್ನು ಕೇಳಬಹುದಿತ್ತು, ಗೋಡೆಯ ಆಚೆಗೆ ಇದ್ದಳು. ಆದರೆ ಕೇಳಿದರೆ ಈ ಮೂರು ವಾರದ್ದೆಲ್ಲ ಹೊರಗೆ ಬರುತ್ತದೆ. ಯಾರದೋ ಮನೆಯ ಬಸುರಿಯ ಗುಟ್ಟುಗಳನ್ನು ಅಪ್ಪ ಅಜ್ಜಿಯ ವೇಷದಲ್ಲಿ ಕೂತು ಓದಿದ್ದಾನೆ ಎಂದು ಗೊತ್ತಾಗುತ್ತದೆ. ನಾಚಿಕೆ ನನಗೂ ಆಯಿತು. ಕಂಪ್ಯೂಟರ್ ಮುಚ್ಚಿ ಸ್ನಾನಕ್ಕೆ ಹೋದೆ. ಆಮೇಲೆ ಊಟ ಮಾಡಿದೆ.

ಎರಡೂವರೆಗೆ ತೆರೆದು ನೋಡಿದರೆ ಇನ್ನೊಂದು ಬಂದಿತ್ತು. ಒಂದೇ ಶಬ್ದ.

“ಅಜ್ಜಿ?”

ನಾನು ಅದನ್ನು ನೋಡುತ್ತ ಕೂತೆ. ಆಗ ನನ್ನ ಮನಸ್ಸಿನಲ್ಲಿ ಒಂದು ಮಾತು ಹುಟ್ಟಿತು. ಹುಟ್ಟಿದ್ದು ನನ್ನದೇ ಸ್ವರದಲ್ಲಿ, ಬಹಳ ನೆಮ್ಮದಿಯಾಗಿ: ಮೂರನೆಯದು ಬರಲಿ, ನೋಡುವಾ.

ಈ ಮಾತನ್ನು ನಾನು ಹಿಂದೊಮ್ಮೆ ಹೀಗೆಯೇ ಅಂದುಕೊಂಡಿದ್ದೆ.

ಎರಡು ವರ್ಷದ ಹಿಂದೆ, ಎರ್ನಾಕುಲಂನ ಆ ಬಾಡಿಗೆ ಮನೆಯಲ್ಲಿ, ನಾನು ಜಗಲಿಯಲ್ಲಿ ಕೂತು ಪೇಪರಿನ ಪದಬಂಧ ತುಂಬುತ್ತಿದ್ದೆ. ಒಳಗಿನಿಂದ ಅವಳು “ಇದಾ, ಕೇಳಿತಾ?” ಎಂದಳು. ಕೇಳಿತು. ತುಸು ಹೊತ್ತು ಬಿಟ್ಟು ಮತ್ತೆ, “ಇದಾ, ಕೇಳಿತಾ?” ಮೂರನೆಯದು ಬರಲಿ, ನೋಡುವಾ ಎಂದುಕೊಂಡೆ. ಪದಬಂಧದಲ್ಲಿ ಎರಡು ಮನೆ ಬಾಕಿ ಇತ್ತು. ತುಂಬಿದೆ. ಮೂರನೆಯ ಕರೆ ಬರಲಿಲ್ಲ. ಸಿಟ್ಟು ಬಂದಿರಬೇಕು ಎಂದು ಒಳಗೆ ಹೋದರೆ ಅವಳು ಅಡುಗೆಮನೆಯ ಕಟ್ಟೆಗೆ ಒರಗಿ ಕೂತಿದ್ದಳು. ಕಣ್ಣು ತೆರೆದೇ ಇತ್ತು, ಬಾಗಿಲ ಕಡೆಗೆ. ಅದೇ ಹೊತ್ತಿಗೆ ಅವಳ ಫೋನು ಬಡಿದುಕೊಳ್ಳತೊಡಗಿತು. ದಿನಾ ಮೂರು ಗಂಟೆಗೆ ಮಗಳು ತಾಯಿಗೆ ಫೋನು ಮಾಡುವ ಹೊತ್ತು. ಎತ್ತಿದವನು ನಾನು.

ಹೃದಯಾಘಾತ ಎಂದರು. ನಾನು ಕೂಡಲೇ ಒಳಗೆ ಹೋಗಿದ್ದರೆ ಉಳಿಯುತ್ತಿದ್ದಳೋ ಇಲ್ಲವೋ ಎಂದು ನಾನು ಡಾಕ್ಟರನ್ನು ಕೇಳಲಿಲ್ಲ. ಮಗಳಿಗೆ ಹೇಳಿದೆ: “ಒಂದು ಸ್ವರವೂ ಹೊರಡಿಸಲಿಲ್ಲ ಮಗಾ. ನಿದ್ರೆ ಹೋದ ಹಾಗೆ ಹೋದಳು.” ಊರಿನಿಂದ ಬಂದವರಿಗೆಲ್ಲ ಅದನ್ನೇ ಹೇಳಿದೆ. “ಪುಣ್ಯವಂತೆ, ನೋವಿಲ್ಲದೆ ಹೋದಳು” ಎಂದು ಅವರು ಹೇಳಿದಾಗ ತಲೆಯಾಡಿಸಿದೆ. ಮಗಳು ಅದೊಂದು ಮಾತನ್ನು ಹಿಡಿದುಕೊಂಡೇ ಅಳು ನಿಲ್ಲಿಸಿದ್ದು.

ಇದೆಲ್ಲ ಆ ಗುರುವಾರ, ‘ಅಜ್ಜಿ?’ ಎಂಬ ಒಂದು ಶಬ್ದದ ಮುಂದೆ ಕೂತಾಗ ಮೇಲೆದ್ದು ಬಂತು. ನಾನು ಅಂದು ಕೆಳಗೆ ಗೇಟಿಗೆ ಹೋಗಿರಲಿಲ್ಲ. ಗೋಡೆ ಗಡಿಯಾರ ನೋಡಲಿಲ್ಲ. ಮೆಟ್ರೋ ಒಂದು ಹೋಯಿತು, ಗಾಜು ನಡುಗಿ ನಿಂತಿತು. ಆಗ ಮುಚ್ಚಿದ ಬಾಗಿಲಿನ ಆಚೆಯಿಂದ, ಮಗಳ ಕೋಣೆಯಿಂದ, ಒಂದು ಹೆಣ್ಣು ಸ್ವರ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿತು:

“ಇದಾ. ಕೇಳಿತಾ?”

ಮಗಳ ಸ್ವರವಲ್ಲ. ಮನೆಯಲ್ಲಿ ಬೇರೆ ಹೆಂಗಸಿಲ್ಲ. “ಬಿಸಿಲಿಗೆ ಬಂದಿದ್ದಿ,” ಎಂದಿತು ಆ ಸ್ವರ. “ಮೊದಲು ಒಂದು ತುಂಡು ಬೆಲ್ಲ ತಿಂದು...” ಅದರಲ್ಲಿ ಏರಿಳಿತವಿರಲಿಲ್ಲ. ಬಹಳ ದೂರದಿಂದ, ದಣಿದು, ಎಲ್ಲ ಭಾವವೂ ಬತ್ತಿಹೋದ ಮೇಲೆ ಮಾತಾಡಿದ ಹಾಗಿತ್ತು.

ಎರಡು ಕ್ಷಣಕ್ಕೆ ನನಗೆ ತಿಳಿಯಿತು. ಕನ್ನಡ ಅಕ್ಷರ ಬಾರದ ಮಗಳು ತಾಯಿಯ ವಿಳಾಸಕ್ಕೆ ಬಂದ ಕಾಗದವನ್ನು ಫೋನಿನಿಂದಲೇ ಓದಿಸಿಕೊಂಡು ಕೇಳುತ್ತಿದ್ದಾಳೆ. ಅದು ಫೋನಿನ ಯಂತ್ರದ ಸ್ವರ. ತಾಯಿಗೆ ದಿನಾ ಫೋನು ಮಾಡುತ್ತಿದ್ದ ಮೂರು ಗಂಟೆಗೆ. ಇಷ್ಟು ದಿನ ಮೂರಕ್ಕೆ ಕಾಗದ ಒಡೆಯುತ್ತಿದ್ದವಳು ಅವಳೇ. ಎಲ್ಲವೂ ತಿಳಿಯಿತು. ತಿಳಿದರೂ ನನಗೆ ಅದು ಮೂರನೆಯ ಕರೆಯೇ ಆಗಿತ್ತು. ಎರಡು ವರ್ಷ ತಡವಾಗಿ ಬಂದದ್ದು.

ಎದ್ದೆ. ಹುಡುಗಿಯ ಫೋನ್ ನಂಬರು ಪಾರ್ಸೆಲ್ ಪಟ್ಟಿಯಲ್ಲಿತ್ತು. ಫೋನು ಮಾಡಿದೆ.

“ಹಲೋ, ಯಾರ್ರಿ?”

“ಮಗಾ, ಅಜ್ಜಿಯ ಅಂಗಡಿಯಿಂದ.”

“ಅಯ್ಯ, ಹೌದೇನ್ರಿ! ಅಜ್ಜಿ ಎಲ್ಲಿದ್ದಾರ? ಅವ್ರ ಕೈಯಾಗ ಕೊಡ್ರಿ ಸ್ವಲ್ಪ.”

“ಅಜ್ಜಿ ಇಲ್ಲ.”

“ಹೊರಗ ಹೋಗ್ಯಾರೇನು?”

“ಇಲ್ಲ ಮಗಾ. ತೀರಿಕೊಂಡು ಎರಡು ವರ್ಷ ಆಯಿತು. ಕಾಗದ ಬರೆದದ್ದೆಲ್ಲ ನಾನು. ನಾನು ಅವಳ ಗಂಡ. ಮುದುಕ.”

ತೀರ ಸಣ್ಣ ಸ್ವರದಲ್ಲಿ, “ನಾ ಬರದದ್ದೆಲ್ಲಾ...” ಎಂದಳು.

“ನಾನೇ ಓದಿದ್ದು. ಬೈಯಿ, ಆದರೆ ಆಮೇಲೆ ಬೈಯಿ. ಈಗ ಚಪ್ಪಲಿ ಮೆಟ್ಟಿ ಆಸ್ಪತ್ರೆಗೆ ಹೊರಡು.”

“ಯಾಕ ಹೋಗ್ಲಿ? ನಿಮ್ಮ ಮಾತು ನಾ ಯಾಕ ಕೇಳ್ಲಿ? ಇಷ್ಟ ದಿನ ಸುಳ್ಳ ಹೇಳಿದಾವ್ರು ನೀವು!”

ಅವಳು ಹೇಳಿದ್ದು ಸರಿಯಾಗಿತ್ತು. ನಾನು ಅಜ್ಜಿಯಾಗಿಯೇ ಉಳಿದಿದ್ದರೆ ಒಂದು ‘ಹೂಂ’ ಎಂದರೆ ಸಾಕಿತ್ತು, ಹೊರಡುತ್ತಿದ್ದಳು. ಈಗ ನನ್ನ ಕೈಯಲ್ಲಿ ನಂಬಿಸುವಂಥದ್ದು ಒಂದೇ ಉಳಿದಿತ್ತು. ಅದನ್ನು ಹೇಳಿದೆ.

“ನನ್ನ ಹೆಂಡತಿ ಎರಡು ಸಲ ಕರೆದಳು. ನನಗೆ ಕೇಳಿತ್ತು. ಮೂರನೆಯ ಸಲ ಕರೆಯಲಿ ಅಂತ ಕೂತೆ. ಅವಳು ಕರೆಯಲಿಲ್ಲ, ಹೋಗಿಬಿಟ್ಟಳು. ಇದನ್ನು ನಾನು ಯಾರಿಗೂ ಹೇಳಿಲ್ಲ, ಮಗಳಿಗೂ ಹೇಳಿಲ್ಲ. ನೀನು ಇವತ್ತು ಎರಡು ಸಲ ಬರೆದಿದ್ದಿ. ನಾನು ಮತ್ತೆ ಹಾಗೆಯೇ ಕೂತಿದ್ದೆ. ಇದು ಸುಳ್ಳಲ್ಲ. ನಾಚಿಕೆ ಬೇಡ ಮಗಾ, ಏನೂ ಇಲ್ಲ ಅಂತ ಹತ್ತು ಸಲ ಕಳಿಸಲಿ. ಹೊರಡು.”

ಬೆನ್ನ ಹಿಂದೆ ಬಾಗಿಲು ತೆರೆದಿತ್ತು. ಮಗಳು ನಿಂತಿದ್ದಳು. ಕೈಯಲ್ಲಿದ್ದ ಅವಳ ಫೋನು ಇನ್ನೂ ತಾಯಿಯ ಮಾತನ್ನು ಓದುತ್ತಲೇ ಇತ್ತು. ಅವಳು ಅದನ್ನು ಆರಿಸಿದಳು. ನನ್ನ ಮುಖ ನೋಡಲಿಲ್ಲ. ನನ್ನ ಕೈಯಿಂದ ಫೋನು ತೆಗೆದುಕೊಂಡಳು.

“ನೋಡಿ, ನಾನು ಅವರ ಮಗಳು. ನಿಮ್ಮ ಅಡ್ರೆಸ್ಸು ನನ್ನ ಹತ್ತಿರ ಉಂಟು, ಕಾರು ಬುಕ್ ಮಾಡ್ತಾ ಇದ್ದೇನೆ. ನಾಲ್ಕು ನಿಮಿಷದಲ್ಲಿ ನಿಮ್ಮ ಗೇಟಿಗೆ ಬರ್ತದೆ. ನಮ್ಮನ್ನು ನಂಬುವುದು ಬೇಡ. ಕಾರಿನಲ್ಲಿ ಕೂತುಕೊಂಡು ನಮಗೆ ಬೈಯಿರಿ, ದಾರಿಯುದ್ದಕ್ಕೂ ಬೈಯಿರಿ. ನಾನು ಲೈನಿನಲ್ಲೇ ಇರ್ತೇನೆ.”

ಹುಡುಗಿ ಬೈಯಲಿಲ್ಲ, ಅತ್ತಳು. ಆದರೆ ಕಾರು ಹತ್ತಿದಳು. ಆಸ್ಪತ್ರೆ ಅವಳ ಮನೆಯಿಂದ ದೂರವಿರಲಿಲ್ಲ. ಬಾಗಿಲಿನವರೆಗೂ ಮಗಳು ಅವಳ ಜೊತೆ ಮಾತಾಡುತ್ತಲೇ ಇದ್ದಳು: ಸೀಟಿನ ಬೆಲ್ಟು ಹೊಟ್ಟೆಯ ಕೆಳಗೆ ಹಾಕಿ, ನೀರಿನ ಬಾಟ್ಲಿ ಉಂಟಾ, ಗಂಡನ ನಂಬರು ಕೊಡಿ, ನಾನು ಹೇಳ್ತೇನೆ. ಫೋನು ಇಟ್ಟ ಮೇಲೆ ನಾವಿಬ್ಬರೂ ಒಂದೇ ಕೋಣೆಯಲ್ಲಿ ಎದುರೆದುರು ಕೂತೆವು. ಏಳಕ್ಕೆ ಪುಣೆಯಿಂದ ಹುಡುಗಿಯ ಗಂಡ ಫೋನು ಮಾಡಿದ. ತಡ ಮಾಡುವ ಹಾಗಿರಲಿಲ್ಲವಂತೆ, ಹೊಟ್ಟೆ ಕೊಯ್ದು ತೆಗೆದರಂತೆ. ಹೆಣ್ಣು ಮಗು. ಸಣ್ಣದು. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಉಸಿರಾಡುತ್ತಿದೆ.

ಮಗಳು ದೀಪ ಹಾಕಲು ಎದ್ದಳು. ಸ್ವಿಚ್ಚಿನ ಮೇಲೆ ಕೈಯಿಟ್ಟು, ಗೋಡೆ ನೋಡುತ್ತ ಕೇಳಿದಳು:

“ಎರಡ್ನೇ ಸಲ ಕರೆಯುವಾಗ ಅಮ್ಮನ ಸ್ವರ ಹೇಗಿತ್ತು?”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. “ಮಾಮೂಲಿನ ಹಾಗೆಯೇ ಇತ್ತು,” ಎಂದೆ. ಅದು ನಿಜ. ಅದೇ ಹೆದರಿಕೆಯ ವಿಷಯ. ಮಾಮೂಲಿನ ಹಾಗೆಯೇ ಇತ್ತು.

ನಾಲ್ಕು ದಿನ ಅವಳು ನನ್ನೊಡನೆ ಮಾತಾಡಲಿಲ್ಲ. ಬಡಿಸುತ್ತಿದ್ದಳು, ಹೋಗುತ್ತಿದ್ದಳು. ಐದನೇ ದಿನ, “ಆ ಕಾಗದಗಳನ್ನು ನಿಲ್ಲಿಸಿದ್ದೇನೆ. ಹೊಸದು ಬರೆಯಿರಿ. ನಿಮ್ಮ ಹೆಸರಿನಲ್ಲಿ,” ಎಂದಳು. ಬರೆದೆ. ‘ನಾನು ಒಬ್ಬ ಮುದುಕ. ಈ ಅಡುಗೆಯ ಮಾತೆಲ್ಲ ನನ್ನ ಹೆಂಡತಿಯದು, ಅವಳು ಈಗಿಲ್ಲ’ ಎಂದು ಶುರು ಮಾಡಿದೆ. ಎಷ್ಟೋ ಜನರ ‘ನಾನು’ ಸಲೀಸಾಗಿ ಟೈಪು ಮಾಡಿದ ಬೆರಳಿಗೆ ಅದೊಂದು ಶಬ್ದ ಹೊಡೆಯಲು ಇಡೀ ಮಧ್ಯಾಹ್ನ ಬೇಕಾಯಿತು. ಆ ಕಾಗದಕ್ಕೆ ಉತ್ತರಗಳು ಬರುವುದು ಕಡಿಮೆ. ಲಿಸ್ಟಿನ ಮೊದಲ ವಿಳಾಸವನ್ನು ತೆಗೆಯುವ ಮಾತನ್ನು ಮಾತ್ರ ನಾವಿಬ್ಬರೂ ಎತ್ತಲಿಲ್ಲ.

ಮಗು ಮನೆಗೆ ಬಂದಿದೆ ಎಂದು ಗೊತ್ತಾದ ಮೇಲೆ ನಾನು ತಿರುವನಂತಪುರಕ್ಕೆ ಹೊರಟೆ. ಮುಖ ನೋಡಿ ತಪ್ಪೊಪ್ಪಿಕೊಳ್ಳದೆ ಅದು ಮುಗಿಯುವಂತಿರಲಿಲ್ಲ. ಹೊರಡುವ ಬೆಳಿಗ್ಗೆ ಮಗಳು ಕಪಾಟಿನಿಂದ ತಾಯಿಯ ಹಳೆಯ ಒಂದು ನೂಲಿನ ಸೀರೆ ತೆಗೆದು, ಒಗೆದು ಮಡಚಿದ್ದನ್ನು ಚೀಲಕ್ಕೆ ಹಾಕಿದಳು. ನಮ್ಮಲ್ಲಿ ಎಳೆಮಗುವನ್ನು ಹೊಸ ಬಟ್ಟೆಯಲ್ಲಿ ಸುತ್ತುವುದಿಲ್ಲ. ಹಿರಿಯ ಹೆಂಗಸರು ಉಟ್ಟು ಮೆತ್ತಗಾದ ಸೀರೆ ಬೇಕು. “ಯಾರದ್ದು ಅಂತ ಹೇಳಿಯೇ ಕೊಡಿ,” ಎಂದಳು. “ಇನ್ನು ಸುಳ್ಳು ಬೇಡ.”

ಉಳ್ಳೂರ್‌ನ ಆ ಮನೆ ಎರಡನೇ ಮಹಡಿಯಲ್ಲಿತ್ತು. ಬಾಗಿಲು ತೆರೆದವಳು ಹುಡುಗಿಯೇ. ನಾನು ಅಂದುಕೊಂಡದ್ದಕ್ಕಿಂತ ಚಿಕ್ಕವಳು. ಕಣ್ಣ ಕೆಳಗೆ ಕಪ್ಪು. ನನಗೆ ಕುರ್ಚಿ ತೋರಿಸಿದಳು. ಒಳಗೆ ಹೋಗಿ ಒಂದು ತಟ್ಟೆಯಲ್ಲಿ ಬೆಲ್ಲದ ತುಂಡು, ಒಂದು ಲೋಟ ನೀರು ತಂದಿಟ್ಟಳು.

“ನಮ್ಮ ಕಡಿನೂ ಹಿಂಗ ಕೊಡ್ತೀವ್ರಿ. ಅಜ್ಜಿ ಬರದದ್ದಕ್ಕಂತ ಕೊಟ್ಟದ್ದಲ್ಲ,” ಎಂದಳು.

ತಿಂದೆ, ಕುಡಿದೆ. ಹೇಳಬೇಕಾದ್ದನ್ನು ಹೇಳಿದೆ. ಅವಳು ಕೇಳಿಸಿಕೊಂಡಳು. ಅವಳ ಅವ್ವ ಒಳಗಿನ ಕೋಣೆಯಲ್ಲಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದರು. ಇದೇನೂ ಅವರಿಗೆ ಗೊತ್ತಿರಲಿಲ್ಲ. ‘ಅಂಗಡಿಯ ಅಜ್ಜ’ ಎಂದಷ್ಟೇ ಹೇಳಿದ್ದಳು.

“ನನ್ನ ಕೂಸು ಉಳೀತು. ಅದಕ್ಕ ಕೈ ಮುಗಿತೀನ್ರಿ,” ಎಂದಳು ಹುಡುಗಿ. “ಆದ್ರ ನಾ ಹೇಳಿಕೊಂಡದ್ದು ಅಜ್ಜಿಗ್ರಿ. ನಿಮಗಲ್ಲ. ನನ್ನ ಹೆಸರು ಲಿಸ್ಟಿನಾಗಿಂದ ತಗದುಬಿಡ್ರಿ.”

“ಇವತ್ತೇ ತೆಗೀತೇನೆ.”

“ನಾ ಬರದದ್ದೂ.”

“ಅದನ್ನೂ.”

ಚೀಲದಿಂದ ಸೀರೆ ತೆಗೆದು ಯಾರದೆಂದು ಹೇಳಿದೆ. ಅವಳು ಮುಟ್ಟಲಿಲ್ಲ. “ಸತ್ತಾಕಿ ಸೀರಿ...” ಎಂದು ತನಗೆ ತಾನೇ ಹೇಳಿಕೊಂಡಳು. ಆಮೇಲೆ, “ಅಲ್ಲೇ ಇಟ್ಟು ಹೋಗ್ರಿ,” ಎಂದಳು. ಕುರ್ಚಿಯ ಮೇಲೆ ಇಟ್ಟೆ. ಒಳಗೆ ಮಗು ಬೆಕ್ಕಿನ ಮರಿಯಂತೆ ಸಣ್ಣಗೆ ಅತ್ತಿತು. ಆ ಸದ್ದಿಗೆ ಅವಳು ತಟ್ಟನೆ ತಿರುಗಿದ ರೀತಿಯನ್ನು ನಾನು ನೋಡಿದೆ. ಒಂದೇ ಕರೆಗೆ. ಎರಡನೆಯದಕ್ಕೆ ಕಾಯಲಿಲ್ಲ.

ಹೊರಗೆ ಬಂದೆ. ಬಾಗಿಲು ಮುಚ್ಚಿತು, ಒಳಗಿನಿಂದ ಚಿಲಕ ಹಾಕಿದ ಸದ್ದೂ ಕೇಳಿತು. ಹನ್ನೊಂದು ಗಂಟೆಯ ಬಿಸಿಲು ಮೆಟ್ಟಿಲ ಕಿಟಕಿಯಿಂದ ಬೀಳುತ್ತಿತ್ತು. ಕಂಬಿ ಹಿಡಿದು ನಾಲ್ಕೈದು ಮೆಟ್ಟಿಲು ಇಳಿದಿರಬೇಕು. ಮೇಲಿನಿಂದ, ಬೆನ್ನಿಗೆ ಹತ್ತಿರದಲ್ಲೇ, ಮಾಮೂಲಿನ ಸ್ವರದಲ್ಲಿ ಕೇಳಿತು:

“ಇದಾ, ಕೇಳಿತಾ?”

ತಿರುಗಿದೆ. ಬಾಗಿಲು ಮುಚ್ಚಿಯೇ ಇತ್ತು. ಆ ಮಹಡಿಯಲ್ಲಿದ್ದ ಇನ್ನೊಂದು ಮನೆಗೆ ಬೀಗ ಹಾಕಿತ್ತು. ಧಾರವಾಡದವರು ಹಾಗೆ ಕರೆಯುವುದಿಲ್ಲ, ತಿರುವನಂತಪುರದಲ್ಲಿ ಯಾರೂ ಹಾಗೆ ಕರೆಯುವುದಿಲ್ಲ. ಕಿವಿಯ ಭ್ರಮೆ ಎಂದು ನೀವು ಹೇಳಿದರೆ ನಾನು ವಾದಿಸುವುದಿಲ್ಲ. ನಿಂತು ಕೇಳಿದೆ. ಎರಡನೆಯ ಸಲ ಬರಲಿಲ್ಲ.

ಒಂದೇ ಸಲ ಕರೆದರೆ ಯಾರು ಕರೆದದ್ದು, ಓಗೊಟ್ಟರೆ ಏನಾಗುತ್ತದೆ, ಎಲ್ಲ ನನಗೆ ಚಿಕ್ಕಂದಿನಿಂದಲೂ ಗೊತ್ತು. ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಆ ಖಾಲಿ ಮೆಟ್ಟಿಲಿಗೆ ಮುಖ ಮಾಡಿ, ಕೇಳುವಷ್ಟು ಗಟ್ಟಿಯಾಗಿ ಹೇಳಿದೆ:

“ಓ. ಕೇಳಿತು. ಬಂದೆ.”